ನಗರಸಭೆಯ ಕರಡು ಬೈಲಾಗೆ ಆಕ್ಷೇಪಣೆ ಬರೆಯುವುದು ಹೇಗೆ: ಕಾರವಾರ, ಶಿರಸಿಯವರಿಗಾಗಿ

ಕಾರವಾರ ಇರಲಿ, ಶಿರಸಿ ಇರಲಿ, ನಗರಸಭೆ ಹೊಸ ನಿಯಮ ಮಾಡಿದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಾಗುವುದು ದಂಡದ ರಸೀದಿ ಕೈಗೆ ಬಂದಾಗಲೇ. ಆಮೇಲೆ ಮನವಿ ಕೊಡುತ್ತೇವೆ, ಗುಂಪಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ, ಮೆಂಬರ್ ಮನೆಗೆ ಹೋಗಿ ಜಗಳ ಆಡುತ್ತೇವೆ. ಅಷ್ಟೊತ್ತಿಗೆ ನಿಯಮ ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಬದಲಾಯಿಸಬೇಕಾದರೆ ಮತ್ತೆ ಮೊದಲಿಂದ ಅದೇ ದಾರಿ ಹಿಡಿಯಬೇಕು: ಕರಡು, ಪ್ರಕಟಣೆ, ಸಭೆ, ಸರ್ಕಾರದ ಒಪ್ಪಿಗೆ.

ಇದಕ್ಕಿಂತ ಸುಲಭದ ದಾರಿ ಕಾನೂನಿನಲ್ಲೇ ಇದೆ. ನಮ್ಮ ನಗರಸಭೆಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಅದರ 324ನೇ ಕಲಂ ನಗರಸಭೆಗೆ ಬೈಲಾ, ಅಂದರೆ ಊರಿನ ನಿಯಮ, ಮಾಡುವ ಅಧಿಕಾರ ಕೊಡುತ್ತದೆ. ಆದರೆ ಬೈಲಾ ಮಾಡುವ ಮೊದಲು ಕರಡನ್ನು ಜನರಿಗೆ ತೋರಿಸಬೇಕು, ಇಂಥ ದಿನದ ನಂತರ ಇದನ್ನು ಚರ್ಚೆಗೆ ತೆಗೆದುಕೊಳ್ಳುತ್ತೇವೆ ಅಂತ ಹೇಳಬೇಕು, ಆ ದಿನದೊಳಗೆ ಬರಹದಲ್ಲಿ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಶೀಲಿಸಬೇಕು. ಬರಹದಲ್ಲಿ, ದಿನದೊಳಗೆ. ಈ ಎರಡು ಮಾತು ನೆನಪಿಟ್ಟುಕೊಳ್ಳಿ. ವಕೀಲರು ಬೇಕಿಲ್ಲ, ಸಂಘ ಬೇಕಿಲ್ಲ, ಶುಲ್ಕವೂ ಇಲ್ಲ. ಒಂದು ಬಿಳಿ ಹಾಳೆ ಸಾಕು.

ಮೊದಲು, ಇದು ಯಾರ ಕೈಯಲ್ಲಿದೆ?

ಪತ್ರ ಬರೆಯುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಸ್ವಲ್ಪ ಗೋಜಲು. ಕಾರವಾರದ ಊರೊಳಗೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ನಗರಸಭೆಯದ್ದಲ್ಲ. ಬಂದರು ಬಂದರು ಇಲಾಖೆಯದ್ದು. ಕಡಲ ದಂಡೆಯ ಪಕ್ಕ ಕಟ್ಟಡ ಎಬ್ಬಿಸಬಹುದೋ ಇಲ್ಲವೋ ಅನ್ನುವುದು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮಕ್ಕೆ ಸೇರಿದ್ದು, ಅದಕ್ಕೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಇದೆ. ಶಿರಸಿಯಲ್ಲಿ ಊರಿನ ಅಂಚಿಗೆ ಬಂದರೆ ಅರಣ್ಯ ಇಲಾಖೆಯ ಜಾಗ ಶುರುವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯನ್ನು ನಡೆಸುವುದು ದೇವಸ್ಥಾನ, ಆದರೆ ಆಗ ಊರಿನ ಕಸ ಎತ್ತುವುದು, ನೀರು ಬಿಡುವುದು ನಗರಸಭೆಯ ಕೆಲಸ.

ನಗರಸಭೆಯದ್ದೇ ಅಂತ ಧೈರ್ಯವಾಗಿ ಹೇಳಬಹುದಾದವು ಇವು: ಕಸ, ಚರಂಡಿ, ಬೀದಿ ದೀಪ, ನಲ್ಲಿ ನೀರಿನ ಸಂಪರ್ಕ, ಮಾರುಕಟ್ಟೆ, ಅಂಗಡಿಗಳ ಉದ್ಯಮ ಪರವಾನಿಗೆ, ಬೀಡಾಡಿ ದನ, ಸ್ಮಶಾನ, ಉದ್ಯಾನ, ಊರೊಳಗಿನ ರಸ್ತೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳ ಪಟ್ಟಿಯನ್ನೇ ಸೇರಿಸಿತು. ಆದರೂ ಕೆಲವು ವಿಷಯದಲ್ಲಿ ನಗರಸಭೆ ಬರೀ ಜಾರಿ ಮಾಡುವ ಸಂಸ್ಥೆ. ಪ್ಲಾಸ್ಟಿಕ್ ಕೈಚೀಲದ ನಿಷೇಧ ತಗೊಳ್ಳಿ. ಅದನ್ನು ರಾಜ್ಯ ಸರ್ಕಾರ ಮಾರ್ಚ್ 2016ರಲ್ಲೇ ಮಾಡಿದೆ. ಆ ನಿಷೇಧವೇ ಬೇಡ ಅಂತ ಕಾರವಾರ ನಗರಸಭೆಗೆ ಬರೆದರೆ ಏನೂ ಆಗುವುದಿಲ್ಲ. ದಾಳಿ ಮಾಡುವಾಗ ರಸೀದಿ ಕೊಡಿ, ಸಣ್ಣ ಅಂಗಡಿಗೆ ಮೊದಲು ಎಚ್ಚರಿಕೆ ಕೊಡಿ ಅಂತ ಬರೆದರೆ ಅದು ಅವರ ಕೈಯಲ್ಲಿರುವ ವಿಷಯ.

ಬೈಲಾ, ಠರಾವು, ಆದೇಶ

ಮೂರಕ್ಕೂ ವ್ಯತ್ಯಾಸ ಇದೆ. ಬೈಲಾ ಅಂದರೆ ಊರಿಗೆಲ್ಲ ಅನ್ವಯವಾಗುವ ನಿಯಮ. ಅದರಲ್ಲಿ ದಂಡ ಇರುತ್ತದೆ, ಸರ್ಕಾರದ ಒಪ್ಪಿಗೆ ಬೇಕು. ಠರಾವು ಅಂದರೆ ಸಭೆಯ ತೀರ್ಮಾನ, ಒಂದು ಕಾಮಗಾರಿಯದ್ದೋ ಒಂದು ಹರಾಜಿನದ್ದೋ ಆಗಿರಬಹುದು. ಆದೇಶ ಅಂದರೆ ಪೌರಾಯುಕ್ತರು ಸಹಿ ಮಾಡಿ ಹೊರಡಿಸುವುದು. ನಿಮಗೆ ತೊಂದರೆ ಕೊಡುತ್ತಿರುವುದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಬೈಲಾ ಇಲ್ಲದೆ ಬರೀ ಆದೇಶದ ಮೇಲೆ ಹೊಸ ಶುಲ್ಕ ವಸೂಲಿ ಆಗುತ್ತಿದೆ ಅನ್ನಿಸಿದರೆ "ಇದು ಯಾವ ಕಲಂ ಪ್ರಕಾರ, ಯಾವ ಠರಾವಿನ ಪ್ರಕಾರ" ಅಂತ ಬರಹದಲ್ಲಿ ಕೇಳಿ. ಈ ಒಂದು ಪ್ರಶ್ನೆಯಲ್ಲೇ ಎಷ್ಟೋ ವಿಷಯ ತಿಳಿಯಾಗುತ್ತದೆ.

ತೆರಿಗೆಯದ್ದು ಬೇರೆ. ಆಸ್ತಿ ತೆರಿಗೆಯ ದರವನ್ನು ರಾಜ್ಯದ ಕಾನೂನು ಹಾಕಿಕೊಟ್ಟ ಮಿತಿಯೊಳಗೆ ನಗರಸಭೆ ಆರಿಸಿಕೊಳ್ಳುತ್ತದೆ. ಮಿತಿಯ ಕೆಳಗಿನ ದರ ಹಿಡಿಯಿರಿ ಅಂತ ಕೇಳಬಹುದು, ಮಿತಿಯನ್ನೇ ತೆಗೆಯಿರಿ ಅಂತ ಇಲ್ಲಿ ಕೇಳಿ ಪ್ರಯೋಜನವಿಲ್ಲ.

ಕರಡು ಎಲ್ಲಿ ಸಿಗುತ್ತದೆ?

ಪ್ರಕಟಣೆ ಬರುವುದು ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ, ಸಣ್ಣ ಅಕ್ಷರದಲ್ಲಿ. ಕಾರವಾರದವರು ಕರಾವಳಿ ಮುಂಜಾವು, ಶಿರಸಿಯವರು ಲೋಕಧ್ವನಿ ಓದುವಾಗ ಆ ಪುಟವನ್ನೂ ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಗರಸಭೆ ಕಚೇರಿಯ ನೋಟಿಸ್ ಬೋರ್ಡ್ ನೋಡಿ. ನಗರಸಭೆಯ ವೆಬ್‌ಸೈಟಿನಲ್ಲೂ ಹುಡುಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಓಣಿಯಲ್ಲಿ ಒಬ್ಬರು ಈ ಕೆಲಸ ವಹಿಸಿಕೊಂಡರೂ ಸಾಕು, ನಿವೃತ್ತ ಶಿಕ್ಷಕರೋ ಬ್ಯಾಂಕಿನಲ್ಲಿದ್ದವರೋ ಯಾರಾದರೂ ಇದ್ದೇ ಇರುತ್ತಾರೆ, ಅವರಿಗೆ ಹೇಳಿ.

ಪತ್ರಿಕೆಯಲ್ಲಿ ಬಂದಿರುವುದು ಬರೀ ಸೂಚನೆ ಆಗಿದ್ದರೆ ಪೂರ್ತಿ ಕರಡು ಕಚೇರಿಯಲ್ಲಿರುತ್ತದೆ. ಹೋಗಿ ಕೇಳಿ, ಪ್ರತಿ ತಗೊಳ್ಳಿ, ಕೊಡದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿ. ಅದಕ್ಕೂ ಒಪ್ಪದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಆ ಕಾಯ್ದೆಯ ನಾಲ್ಕನೇ ಕಲಂ ಒಳ್ಳೆಯ ಆಯುಧ, ನಾವು ಅದನ್ನು ಬಳಸುವುದು ತೀರಾ ಕಡಿಮೆ. ಜನರ ಮೇಲೆ ಪರಿಣಾಮ ಆಗುವ ನೀತಿ ಮಾಡುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲ ವಿಷಯ ಪ್ರಕಟಿಸಬೇಕು, ತೊಂದರೆಗೆ ಒಳಗಾದವರಿಗೆ ತೀರ್ಮಾನದ ಕಾರಣ ಕೊಡಬೇಕು ಅಂತ ಅದರಲ್ಲೇ ಇದೆ. ಅರ್ಜಿ ಹಾಕುವುದಾದರೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು ಅನ್ನುವ ನಿಯಮ ಇದೆ. ಆದರೆ ಆಕ್ಷೇಪಣೆಗೆ ಸಿಗುವ ಸಮಯವೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ, ಹಾಗಾಗಿ ಮಾಹಿತಿ ಹಕ್ಕಿನ ಉತ್ತರ ಬರಲಿ ಅಂತ ಕಾಯುತ್ತಾ ಕೂತರೆ ದಿನ ಮುಗಿದಿರುತ್ತದೆ. "ಪೂರ್ತಿ ಕರಡು ಸಿಕ್ಕಿಲ್ಲ, ಸಿಕ್ಕ ಮೇಲೆ ಸಮಯ ಕೊಡಿ" ಅನ್ನುವುದನ್ನೇ ಮೊದಲ ಆಕ್ಷೇಪಣೆಯಾಗಿ ಬರೆದು ಕೊಟ್ಟುಬಿಡಿ.

ಕರಡನ್ನು ಓದುವ ರೀತಿ

ಇದೇ ಮುಖ್ಯ ಕೆಲಸ, ಇದಕ್ಕೆ ಒಂದು ಸಂಜೆ ಕೊಡಿ. ಪೆನ್ಸಿಲ್ ಹಿಡಿದು ಓದಿ.

ಉದಾಹರಣೆಗೆ ಕಾರವಾರದಲ್ಲಿ ಮಾರುಕಟ್ಟೆ ಬೈಲಾದ ಕರಡು ಬಂತು ಅಂದುಕೊಳ್ಳಿ. ಅದರ 7ನೇ ಕಲಂನಲ್ಲಿ ಹೀಗಿದೆ ಅಂದುಕೊಳ್ಳೋಣ: "ನಗರಸಭೆ ನಿಗದಿಪಡಿಸಿದ ಮಾರುಕಟ್ಟೆಯನ್ನು ಹೊರತುಪಡಿಸಿ ಸಾರ್ವಜನಿಕ ಸ್ಥಳಗಳಲ್ಲಿ ಮೀನು, ತರಕಾರಿ, ಹಣ್ಣುಗಳನ್ನು ಮಾರತಕ್ಕದ್ದಲ್ಲ. ಉಲ್ಲಂಘಿಸಿದವರಿಗೆ ದಂಡ ವಿಧಿಸಿ ಸರಕನ್ನು ಜಪ್ತಿ ಮಾಡತಕ್ಕದ್ದು."

ಮೊದಲ ಸಲ ಓದಿದಾಗ ಸರಿಯೇ ಅನ್ನಿಸುತ್ತದೆ. ಫುಟ್‌ಪಾತ್ ಮೇಲೆ ನಡೆಯಲು ಜಾಗ ಇರಬೇಕು, ಮೀನಿನ ನೀರು ರಸ್ತೆಗೆ ಹರಿಯಬಾರದು, ಯಾರು ಬೇಡ ಅನ್ನುತ್ತಾರೆ? ಎರಡನೇ ಸಲ ಓದುವಾಗ ಈ ಸಾಲಿನ ಒಳಗೆ ಯಾರೆಲ್ಲ ಬರುತ್ತಾರೆ ಅಂತ ಒಬ್ಬೊಬ್ಬರನ್ನೇ ನೆನಪು ಮಾಡಿಕೊಳ್ಳಿ. ಬುಟ್ಟಿ ಹೊತ್ತು ಕಾಜುಬಾಗ, ಕೋಡಿಬಾಗದ ಓಣಿಗಳಲ್ಲಿ ಬಾಂಗಡೆ, ತಾರ್ಲೆ ಮಾರುವ ಹೆಂಗಸು ಬಂದಳು. ರವಿವಾರದ ಸಂತೆಗೆ ಹಳ್ಳಿಯಿಂದ ಸೊಪ್ಪು, ಬಸಳೆ, ಗೆಣಸು ತರುವ ಹಾಲಕ್ಕಿ ಅಜ್ಜಿ ಬಂದಳು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ತಂದು ರಸ್ತೆ ಬದಿ ಕೂರುವವರು ಬಂದರು. ಇವರಲ್ಲಿ ಯಾರನ್ನು ತಡೆಯಬೇಕು ಅಂತ ನಗರಸಭೆ ಯೋಚಿಸಿತ್ತು? ಬಹುಶಃ ಫುಟ್‌ಪಾತ್ ಪೂರ್ತಿ ಆಕ್ರಮಿಸಿಕೊಂಡು ಶೆಡ್ ಹಾಕಿದವರನ್ನು. ಆದರೆ ಬರೆದಿರುವ ಸಾಲು ಎಲ್ಲರನ್ನೂ ಹಿಡಿಯುತ್ತದೆ.

ಇನ್ನು ಜಪ್ತಿ. ಮೀನನ್ನು ಜಪ್ತಿ ಮಾಡಿ ನಾಳೆ ಬಾ ಅಂದರೆ ನಾಳೆ ಅದು ಕಸ. ಇಲ್ಲಿ ನಮಗೆ ಒಂದು ಕೇಂದ್ರ ಕಾಯ್ದೆ ನೆರವಿಗೆ ಬರುತ್ತದೆ, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಜಪ್ತಿ ಮಾಡಿದರೆ ಸರಕಿನ ಪಟ್ಟಿ ಕೊಡಬೇಕು, ಬೇಗ ಕೆಡುವ ಸರಕಾದರೆ ಕೇಳಿದ ದಿನವೇ ಬಿಡಬೇಕು, ಬೇರೆ ಸರಕಾದರೆ ಎರಡು ಕೆಲಸದ ದಿನದೊಳಗೆ ಬಿಡಬೇಕು ಅಂತ ಅದರಲ್ಲಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ 30 ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿರಬೇಕು, ಅದರಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಜನ ಸ್ವತಃ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕೇಂದ್ರದ ಕಾಯ್ದೆಗೆ ವಿರುದ್ಧವಾದ ಬೈಲಾ ನಿಲ್ಲುವುದಿಲ್ಲ. ಹಾಗಾಗಿ ಇಂಥ ಕರಡಿನ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಆ ಸಮಿತಿಯ ಮುಂದೆ ಇಟ್ಟಿದ್ದೀರಾ?

ಬೇರೆ ಯಾವ ಕರಡಾದರೂ ಇದೇ ರೀತಿ ಓದಬಹುದು. ಮೊದಲು ವ್ಯಾಖ್ಯೆಗಳ ಪುಟ ನೋಡಿ, ಸಾರ್ವಜನಿಕ ಸ್ಥಳ ಅಂದರೆ ಏನು, ವಾಣಿಜ್ಯ ಅಂದರೆ ಏನು ಅಂತ ಅಲ್ಲಿ ಬರೆದದ್ದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ಆಮೇಲೆ ದಂಡ ಹಾಕುವವರು ಯಾರು, ಅವರ ತೀರ್ಮಾನ ತಪ್ಪಾದರೆ ಯಾರ ಹತ್ತಿರ ಹೋಗಬೇಕು, ಎಷ್ಟು ದಿನದೊಳಗೆ? ಮೇಲ್ಮನವಿಯ ಸಾಲೇ ಇಲ್ಲದಿದ್ದರೆ ಅದೇ ದೊಡ್ಡ ಆಕ್ಷೇಪಣೆ. "ಅಧಿಕಾರಿಯ ವಿವೇಚನೆಗೆ ಒಳಪಟ್ಟು" ಅನ್ನುವ ಮಾತು ಎಲ್ಲೆಲ್ಲಿ ಬರುತ್ತದೆ ಅಲ್ಲೆಲ್ಲ ಗೀಟು ಹಾಕಿ.

ಕಸದ ಶುಲ್ಕದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಶಿರಸಿ, ಕುಮಟಾ ಎಲ್ಲ ಕಡೆ ಜನ ಮತ್ತೆ ಮತ್ತೆ ಕೇಳುವುದು ಇದನ್ನೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದ ಮೇಲೆ ಸ್ಥಳೀಯ ಸಂಸ್ಥೆಗಳು ಇದಕ್ಕೆ ಬೈಲಾ ಮಾಡಿ ಬಳಕೆದಾರರ ಶುಲ್ಕ ಹಾಕಬೇಕು ಅಂತಾಯಿತು. ಶುಲ್ಕವೇ ಬೇಡ ಅನ್ನುವ ವಾದ ನಿಲ್ಲುವುದಿಲ್ಲ. ಯಾರಿಗೆ ಎಷ್ಟು ಅನ್ನುವುದರ ಮೇಲೆ ವಾದ ಮಾಡಿ. ಆ ನಿಯಮಗಳಲ್ಲಿ ದಿನಕ್ಕೆ ಸರಾಸರಿ 100 ಕೆಜಿಗಿಂತ ಜಾಸ್ತಿ ಕಸ ಹಾಕುವವರನ್ನು ಬೇರೆಯೇ ಗುಂಪಾಗಿ ಇಟ್ಟಿದ್ದರು. ದೊಡ್ಡ ಹೋಟೆಲ್, ಕಲ್ಯಾಣ ಮಂಟಪ, ಹಾಸ್ಟೆಲ್ ಅದರಲ್ಲಿ ಬರಬಹುದು. ಕರಡಿನಲ್ಲಿ ಒಂದು ಕೋಣೆಯ ಚಹಾ ಅಂಗಡಿಗೂ ಊಟದ ಹೋಟೆಲ್ಲಿಗೂ ಒಂದೇ ದರ ಇದ್ದರೆ ಅದನ್ನು ಹಿಡಿಯಿರಿ. ಹಿತ್ತಲಿನಲ್ಲೇ ಹಸಿ ಕಸ ಗೊಬ್ಬರ ಮಾಡುವ ಮನೆಗಳು ನಮ್ಮಲ್ಲಿ ಈಗಲೂ ಬೇಕಾದಷ್ಟು ಇವೆ, ತೆಂಗಿನ ಬುಡಕ್ಕೋ ಅಡಿಕೆ ಬುಡಕ್ಕೋ ಹಾಕುವವರು. ಅವರಿಗೆ ರಿಯಾಯಿತಿ ಕೇಳುವುದು ನ್ಯಾಯ.

ಬರೆಯುವುದು

"ಬಡವರ ಹೊಟ್ಟೆಯ ಮೇಲೆ ಹೊಡೆಯುವ ಈ ಕರಾಳ ನಿಯಮವನ್ನು ಕೂಡಲೇ ಕೈಬಿಡಬೇಕು." ನಮ್ಮ ಮನವಿಗಳಲ್ಲಿ ಹೆಚ್ಚಾಗಿ ಇರುವುದು ಇಂಥ ಸಾಲು. ಕೋಪ ನಿಜ, ತಪ್ಪೇನಿಲ್ಲ. ಆದರೆ ಕಚೇರಿಯಲ್ಲಿ ಕಡತ ಬರೆಯುವ ಗುಮಾಸ್ತರು ಇದನ್ನು "ನಿಯಮ ಕೈಬಿಡಲು ಕೋರಿದ್ದಾರೆ, ಪರಿಗಣಿಸಲು ಅವಕಾಶವಿಲ್ಲ" ಅಂತ ಒಂದು ಸಾಲಿನಲ್ಲಿ ಮುಗಿಸಬಹುದು. ಹಾಗೆ ಮುಗಿಸಲು ಆಗದಂತೆ ಬರೆಯಬೇಕು. ಯಾವ ಕಲಂ, ಅದರಿಂದ ಯಾರಿಗೆ ಏನಾಗುತ್ತದೆ, ಯಾಕೆ ತಪ್ಪು, ಅದರ ಬದಲು ಏನು ಬರೆಯಬೇಕು. ಕೊನೆಯದು ಇಲ್ಲದ ಆಕ್ಷೇಪಣೆ ಅರ್ಧ ಆಕ್ಷೇಪಣೆ.

ಮೇಲಿನ ಉದಾಹರಣೆಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಕರಡಿನ 7ನೇ ಕಲಂಗೆ ನನ್ನ ಆಕ್ಷೇಪಣೆ ಇದೆ. ಇದರಂತೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವರೂ, ರವಿವಾರದ ಸಂತೆಗೆ ಬರುವವರೂ ದಂಡಕ್ಕೆ ಗುರಿಯಾಗುತ್ತಾರೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ತಿರುಗಾಡಿ ಮಾರುವವರನ್ನೂ ವ್ಯಾಪಾರಿಗಳೆಂದೇ ಗುರುತಿಸಿದೆ. ಬೇಗ ಕೆಡುವ ಸರಕನ್ನು ಕೇಳಿದ ದಿನವೇ ಬಿಡಬೇಕೆಂದೂ ಹೇಳಿದೆ. ಕರಡಿನಲ್ಲಿ ಇವೆರಡೂ ಇಲ್ಲ. ಆದ್ದರಿಂದ 7ನೇ ಕಲಂ ಕೊನೆಗೆ ಈ ಸಾಲುಗಳನ್ನು ಸೇರಿಸಬೇಕು: 'ತಲೆಹೊರೆಯಲ್ಲಿ ಅಥವಾ ವಾಹನದಲ್ಲಿ ತಿರುಗಾಡಿ ಮಾರುವವರಿಗೆ ಹಾಗೂ ವಾರದ ಸಂತೆಗೆ ಈ ಕಲಂ ಅನ್ವಯಿಸತಕ್ಕದ್ದಲ್ಲ. ಜಪ್ತಿ ಮಾಡಿದ ಸರಕಿನ ಪಟ್ಟಿಯನ್ನು ಸ್ಥಳದಲ್ಲೇ ಕೊಡತಕ್ಕದ್ದು. ಮೀನು, ತರಕಾರಿ, ಹಣ್ಣುಗಳನ್ನು ಕೇಳಿದ ದಿನವೇ ಹಿಂತಿರುಗಿಸತಕ್ಕದ್ದು.' ಈ ವಿಷಯದಲ್ಲಿ ನನ್ನ ಮಾತನ್ನು ಖುದ್ದಾಗಿ ಹೇಳಲು ಅವಕಾಶ ಕೊಡಬೇಕು."

ಒಂದು ಪುಟವೂ ಆಗುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಕಾದವರು ಕಾಯ್ದೆ ತೆರೆದು ನೋಡಲೇಬೇಕು. ಸಭೆಯಲ್ಲಿ ನಿಮ್ಮ ಪರ ಮಾತಾಡುವ ಸದಸ್ಯರಿಗೂ ಓದಿ ಹೇಳಲು ಸಿದ್ಧ ಸಾಲು ಸಿಗುತ್ತದೆ.

ಎದುರಿನವರ ಕಷ್ಟವನ್ನೂ ಬರೆಯಿರಿ. ಫುಟ್‌ಪಾತ್ ತುಂಬಿ ರಸ್ತೆಗೆ ಇಳಿದು ನಡೆಯುವ ವಯಸ್ಸಾದವರಿದ್ದಾರೆ, ಮನೆ ಮುಂದಿನ ಚರಂಡಿಯಲ್ಲಿ ಮೀನಿನ ನೀರು ನಿಂತು ಬಾಗಿಲು ತೆರೆಯಲಾಗದ ಮನೆಗಳಿವೆ, ಬಾಡಿಗೆ ಕೊಟ್ಟು ಮಾರುಕಟ್ಟೆ ಒಳಗೆ ಕೂತವರಿಗೆ ಹೊರಗೆ ಕೂತವರಿಂದ ನಷ್ಟ ಆಗುತ್ತದೆ. ಇದನ್ನು ಒಪ್ಪಿಕೊಂಡು, ಹೀಗೆ ಮಾಡಿದರೆ ಅವರಿಗೂ ಅನುಕೂಲ ಅಂತ ತೋರಿಸಿ: ನೀರು ಹರಿಯುವ ಕಟ್ಟೆ ಕಟ್ಟಿಕೊಡಿ, ಇಷ್ಟು ಗಂಟೆಯವರೆಗೆ ಮಾತ್ರ ಅಂತ ಹೇಳಿ, ನಡೆಯುವವರಿಗೆ ಇಷ್ಟು ಅಡಿ ಬಿಡಿ ಅಂತ ಗೀಟು ಹಾಕಿ. ಶುಲ್ಕದ ಮಾತು ಬಂದರೆ ಮಳೆಗಾಲ ನೆನಪು ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳೂ ಅದೇ ಶುಲ್ಕ ಅಂದರೆ ಎಲ್ಲಿಂದ ತರುತ್ತಾರೆ?

ಕಾರವಾರದಲ್ಲಿ ಮನೆಮಾತು ಕೊಂಕಣಿ ಆಗಿರುವವರು ತುಂಬಾ ಜನ. ಮೀನು ಮಾರುವ ಹೆಂಗಸರಲ್ಲಿ ಓದು ಬರಹ ಬಾರದವರೂ ಇದ್ದಾರೆ. ಅವರಿಗೆ ಬರೆದುಕೊಡುವುದು ನಮ್ಮ ಕೆಲಸ. ಅವರ ಮಾತನ್ನೇ ಕೇಳಿ ಕನ್ನಡದಲ್ಲಿ ಬರೆಯಿರಿ, ಬರೆದದ್ದನ್ನು ಅವರಿಗೆ ಅವರ ಮಾತಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಕೆಳಗೆ "ಓದಿ ಹೇಳಿದವರು" ಅಂತ ನಿಮ್ಮ ಸಹಿ ಹಾಕಿ. ನೂರು ಜನರ ಸಹಿ ಇರುವ ಒಂದು ಪತ್ರಕ್ಕಿಂತ ಬೇರೆ ಬೇರೆ ಕಾರಣ ಇರುವ ಹತ್ತು ಪತ್ರಗಳು ಮೇಲು. ಒಂದೇ ಪತ್ರವನ್ನು ಝೆರಾಕ್ಸ್ ಮಾಡಿ ಹಂಚಿದರೆ ಅದೆಲ್ಲ ಸೇರಿ ಒಂದೇ ಆಕ್ಷೇಪಣೆಯ ಲೆಕ್ಕ ಆಗಿಬಿಡುತ್ತದೆ.

ಕೊಡುವುದು

ಪತ್ರ ಪೌರಾಯುಕ್ತರ ಹೆಸರಿಗೆ. ಕುಮಟಾ, ಅಂಕೋಲಾದಂಥ ಪುರಸಭೆ ಅಥವಾ ಹೊನ್ನಾವರದಂಥ ಪಟ್ಟಣ ಪಂಚಾಯಿತಿ ಆದರೆ ಮುಖ್ಯಾಧಿಕಾರಿ ಹೆಸರಿಗೆ. ಎರಡು ಪ್ರತಿ ತಗೊಂಡು ಹೋಗಿ, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ತಾರೀಕು, ಸಹಿ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಇಟ್ಟು ಬರಬೇಡಿ. ಸ್ವೀಕೃತಿ ಕೊಡದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕೊನೆಯ ದಿನದೊಳಗೆ ತಲುಪಬೇಕು, ಕಳಿಸಿದರೆ ಸಾಲದು, ಅದಕ್ಕೇ ಮೂರ್ನಾಲ್ಕು ದಿನ ಮೊದಲೇ ಮುಗಿಸಿಬಿಡಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಆಕ್ಷೇಪಣೆ ಅಂತ ನಂಬಿಕೊಳ್ಳಬೇಡಿ.

ಮೆಂಬರುಗಳ ಹತ್ತಿರ ಹೋಗುವುದು

ಕಾರವಾರ, ಶಿರಸಿ ಎರಡರಲ್ಲೂ 31 ವಾರ್ಡ್. 31 ಜನ ಚುನಾಯಿತರು. ಇವರ ಜೊತೆ ಆ ಭಾಗದ ಶಾಸಕರು, ಸಂಸದರೂ ಸಭೆಯ ಸದಸ್ಯರು, ಅವರಿಗೂ ಮತ ಇದೆ. ಸರ್ಕಾರ ನಾಮನಿರ್ದೇಶನ ಮಾಡುವ ಐದು ಜನರವರೆಗಿನ ಸದಸ್ಯರಿಗೆ ಮಾತಾಡುವ ಅವಕಾಶ ಇದೆ, ಮತ ಇಲ್ಲ. ನಿಮ್ಮ ವಾರ್ಡಿನ ಮೆಂಬರ್ ಒಬ್ಬರನ್ನೇ ಹಿಡಿದುಕೊಂಡು ಕೂತರೆ ಒಂದು ಮತ. ಸಂತೆ ನಡೆಯುವ ವಾರ್ಡ್, ಮೀನುಗಾರರ ಮನೆಗಳು ಜಾಸ್ತಿ ಇರುವ ವಾರ್ಡ್, ಅಂಗಡಿ ಬೀದಿಯ ವಾರ್ಡ್, ಇವರೆಲ್ಲರ ಹತ್ತಿರ ಹೋಗಬೇಕು. ಪಕ್ಷ ನೋಡಬೇಡಿ. ಬೈಲಾ ವಿಷಯದಲ್ಲಿ ಪಕ್ಷಕ್ಕಿಂತ ವಾರ್ಡ್ ಮುಖ್ಯ ಆಗುತ್ತದೆ.

ಸಭೆಗೆ ಮೊದಲು ಹೋಗಿ, ಬೆಳಿಗ್ಗೆ ಅವರ ಮನೆಯಲ್ಲಿ ಜನ ತುಂಬುವ ಮೊದಲು. ಹತ್ತು ನಿಮಿಷ ಸಾಕು. ನಿಮ್ಮ ಒಂದು ಪುಟದ ಪತ್ರ ಕೊಟ್ಟು, ಆ ಬದಲಿ ಸಾಲನ್ನು ಬೆರಳಿಟ್ಟು ತೋರಿಸಿ. ಎಷ್ಟೋ ಸದಸ್ಯರಿಗೆ ಅಜೆಂಡಾ ಕೈಗೆ ಬಂದಿರುತ್ತದೆ, ಕರಡು ಓದಲು ಸಮಯ ಸಿಕ್ಕಿರುವುದಿಲ್ಲ. ಓದಿದವರು ಬಂದು ಗೌರವದಿಂದ ವಿವರಿಸಿದರೆ ಅವರಿಗೂ ಅನುಕೂಲವೇ. "ನೀವು ಇದನ್ನು ಸಭೆಯಲ್ಲಿ ಎತ್ತುತ್ತೀರಾ" ಅಂತ ನೇರವಾಗಿ ಕೇಳಿ. ನೋಡೋಣ ಅಂದರೆ ಯಾವಾಗ ಬಂದು ಕೇಳಲಿ ಅಂತ ಇನ್ನೊಮ್ಮೆ ಕೇಳಿ.

ಚುನಾಯಿತರ ಅವಧಿ ಮುಗಿದು ಹೊಸ ಚುನಾವಣೆ ಆಗದಿದ್ದರೆ ಆಡಳಿತಾಧಿಕಾರಿ ಇರುತ್ತಾರೆ, ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಆಗ 31 ಜನರ ಕೆಲಸ ಒಬ್ಬರ ಸಹಿಯಲ್ಲಿ ಮುಗಿಯುತ್ತದೆ, ಹಾಗಾಗಿ ಅಂಥ ಹೊತ್ತಿನಲ್ಲಿ ಬರುವ ಕರಡುಗಳನ್ನು ಇನ್ನೂ ಜಾಸ್ತಿ ಗಮನವಿಟ್ಟು ಓದಬೇಕು. ಪತ್ರದ ಒಂದು ಪ್ರತಿ ಅವರಿಗೂ ಹೋಗಲಿ. ನನ್ನ ಅಭಿಪ್ರಾಯ ಕೇಳಿದರೆ, ಊರಿನ ಹೊಟ್ಟೆಪಾಡಿಗೆ ಸಂಬಂಧಪಟ್ಟ ಬೈಲಾಗಳನ್ನು ಚುನಾಯಿತ ಸಭೆ ಬರುವವರೆಗೆ ತಡೆಹಿಡಿಯಿರಿ ಅಂತ ಕೇಳುವುದು ಸರಿಯಾದ ಬೇಡಿಕೆ. ಅದನ್ನೂ ಆಕ್ಷೇಪಣೆಯಲ್ಲಿ ಒಂದು ಸಾಲಾಗಿ ಬರೆಯಿರಿ.

ಸಭೆಯ ದಿನ ಮತ್ತು ಆಮೇಲೆ

ಸಾಮಾನ್ಯ ಸಭೆಯನ್ನು ಸಾರ್ವಜನಿಕರು ಕೂತು ನೋಡಬಹುದು. ಹಿಂದಿನ ದಿನವೇ ಕಚೇರಿಗೆ ಹೋಗಿ ವಿಷಯ ಅಜೆಂಡಾದಲ್ಲಿ ಎಷ್ಟನೆಯದು ಅಂತ ಕೇಳಿಕೊಂಡು ಬನ್ನಿ. ನಡುವೆ ಎದ್ದು ಮಾತಾಡುವ ಹಕ್ಕು ನಮಗಿಲ್ಲ, ಕೂಗಿದರೆ ಹೊರಗೆ ಕಳಿಸುತ್ತಾರೆ, ನಿಮ್ಮ ಪರ ಇದ್ದವರಿಗೂ ಮುಜುಗರ. ಸುಮ್ನೆ ಕೂತು ಯಾರು ಏನು ಹೇಳಿದರು ಅಂತ ಬರೆದುಕೊಳ್ಳಿ. ಆಕ್ಷೇಪಣೆ ಕೊಟ್ಟವರನ್ನು ಕರೆದು ಕೇಳುವುದಾದರೆ ಅದರ ಸಮಯ ಬದಲಾಯಿಸಲು ಕೇಳಿ. ಬೆಳಿಗ್ಗೆ 11 ಗಂಟೆ ಅಂದರೆ ಮೀನು ವ್ಯಾಪಾರ ಜೋರಾಗಿರುವ ಹೊತ್ತು, ಆ ಹೆಂಗಸರು ಬುಟ್ಟಿ ಬಿಟ್ಟು ಬರುವುದು ಹೇಗೆ? ಮಧ್ಯಾಹ್ನ 3ಕ್ಕೆ ಇಡಿ ಅಂತ ಕೇಳಿದರೆ ಅದರಲ್ಲಿ ತಪ್ಪಿಲ್ಲ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ತಗೊಳ್ಳಿ. ಅಲ್ಲಿ ನಿಮ್ಮ ಆಕ್ಷೇಪಣೆಯ ಮೇಲೆ ಏನು ಬರೆದಿದ್ದಾರೆ ನೋಡಿ. "ಆಕ್ಷೇಪಣೆಗಳು ಬಂದಿಲ್ಲ" ಅಂತ ಇದ್ದರೆ ಮುದ್ರೆ ಹಾಕಿಸಿಕೊಂಡ ನಿಮ್ಮ ಪ್ರತಿ ಆಗ ಉಪಯೋಗಕ್ಕೆ ಬರುತ್ತದೆ. ಅದರ ಝೆರಾಕ್ಸ್ ಜೊತೆ ಜಿಲ್ಲಾಧಿಕಾರಿಗೆ ಬರೆಯಿರಿ. ಕಾನೂನಿಗೆ ವಿರುದ್ಧವಾದ ನಗರಸಭೆಯ ಠರಾವನ್ನು, ಆದೇಶವನ್ನು ತಡೆಹಿಡಿಯುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯ 306ನೇ ಕಲಂನಲ್ಲಿ ಅವರಿಗಿದೆ. ಜಿಲ್ಲಾಧಿಕಾರಿ ಕಚೇರಿಯಲ್ಲೇ ಜಿಲ್ಲಾ ನಗರಾಭಿವೃದ್ಧಿ ಕೋಶ ಅಂತ ಇದೆ, ಅಲ್ಲಿಗೂ ಒಂದು ಪ್ರತಿ. ಶಿರಸಿಯವರು ಇದಕ್ಕಾಗಿ ಘಟ್ಟ ಇಳಿದು ಕಾರವಾರಕ್ಕೆ ಬರಬೇಕಾಗಿಲ್ಲ, ಸ್ಪೀಡ್ ಪೋಸ್ಟ್ ಸಾಕು. ಬೈಲಾ ಇನ್ನೂ ಸರ್ಕಾರದ ಒಪ್ಪಿಗೆಗೆ ಕಾಯುತ್ತಿದ್ದರೆ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೂ ಅದೇ ಕಾಗದ ಕಳಿಸಿ. ಕೊನೆಗೆ ಹೈಕೋರ್ಟಿನ ಧಾರವಾಡ ಪೀಠ ಇದೆ, ನಮ್ಮ ಜಿಲ್ಲೆ ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲಿಗೆ ಹೋದರೂ ಮೊದಲು ಕೇಳುವುದು, ಕರಡು ಬಂದಾಗ ನೀವು ಏನು ಮಾಡಿದಿರಿ ಅಂತ.

ಇನ್ನೊಂದು ಮಾತು. ಕರಡು ಒಳ್ಳೆಯದಿದ್ದರೆ ಅದನ್ನೂ ಬರೆದು ಕೊಡಿ. ಚರಂಡಿಗೆ ಶೌಚದ ನೀರು ಬಿಡುವವರಿಗೆ ದಂಡ, ಬೀಡಾಡಿ ದನದ ಮಾಲೀಕರ ಮೇಲೆ ಹೊಣೆ, ಕಟ್ಟಡದ ಮಣ್ಣು ರಸ್ತೆಗೆ ಸುರಿದರೆ ಶುಲ್ಕ, ಇಂಥವಕ್ಕೆ ವಿರೋಧ ಮಾಡುವವರು ತಪ್ಪದೇ ಪತ್ರ ಕೊಡುತ್ತಾರೆ. ಬೇಕು ಅನ್ನುವವರು ಮನೆಯಲ್ಲಿ ಕೂತಿರುತ್ತಾರೆ. ಕಡತದಲ್ಲಿ ವಿರೋಧದ ಪತ್ರಗಳಷ್ಟೇ ಇದ್ದರೆ ಸದಸ್ಯರು ಯಾವ ಧೈರ್ಯದ ಮೇಲೆ ಕೈ ಎತ್ತುತ್ತಾರೆ? ಬೆಂಬಲದ ಪತ್ರಕ್ಕೂ ಇದೇ ರೀತಿ: ಯಾವ ಕಲಂ, ಯಾರಿಗೆ ಏನು ಒಳ್ಳೆಯದಾಗುತ್ತದೆ, ಯಾಕೆ ಇದನ್ನು ಸಡಿಲ ಮಾಡಬಾರದು. ಎರಡು ಪ್ರತಿ, ಒಂದರ ಮೇಲೆ ಮುದ್ರೆ, ಕೊನೆಯ ದಿನದೊಳಗೆ.